ಕ್ರಾಯ್ಡನ್ನನ್ನು ಲಂಡನ್ ನುಂಗಲಿಲ್ಲ

ಹೋದ ತಿಂಗಳು ಪುಣೆಯಲ್ಲಿ ನಾವು ಏಳೆಂಟು ಮಂದಿ ಕನ್ನಡದವರು ಒಬ್ಬ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಅಕ್ಕಿರೊಟ್ಟಿ, ಎಣ್ಣೆಗಾಯಿ, ಆಮೇಲೆ ಮಾತು. ನಮ್ಮ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವ ಜಾಗ ಒಂದೇ: ಬೆಂಗಳೂರು ನಮ್ಮೂರನ್ನು ನುಂಗಿಬಿಟ್ಟಿತು. ಒಬ್ಬರಿಗೆ ಯಲಹಂಕ, ಇನ್ನೊಬ್ಬರಿಗೆ ವರ್ತೂರು, ನನಗೆ ಕೆಂಗೇರಿ. ಎಲ್ಲರೂ ಸ್ವಲ್ಪ ಹೊತ್ತು ಗಂಭೀರವಾಗಿ ಕೂತೆವು. ಆಗ ಗೆಳೆಯ, "ಇದು ನಮ್ಮೊಬ್ಬರ ಕಥೆ ಅಲ್ಲ ಬಿಡಪ್ಪ, ಲಂಡನ್ನೂ ಹಾಗೇ ಮಾಡಿದೆ. ಕ್ರಾಯ್ಡನ್ ಅನ್ನೋ ಊರನ್ನ ನುಂಗಿ ನೀರು ಕುಡೀತು ಅಂತ ನೀನೇ ಹೇಳಿದ್ದೆಯಲ್ಲ" ಎಂದ.

ಹೇಳಿದ್ದೆ, ನಿಜ. ಹನ್ನೊಂದು ತಿಂಗಳು ಆ ಊರಿನಲ್ಲಿ ಇದ್ದು ಬಂದವನು ನಾನು. ವಾಪಸು ಬಂದ ಮೇಲೆ ಎರಡು ಮೂರು ಕಡೆ ಇದೇ ಮಾತನ್ನು ದೊಡ್ಡ ತಿಳಿವಳಿಕೆಯಂತೆ ಆಡಿದ್ದೇನೆ. ಈಗ ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಲಂಡನ್ ಕ್ರಾಯ್ಡನ್ನನ್ನು ನುಂಗಲಿಲ್ಲ. ಊರನ್ನು ನಗರ ನುಂಗುತ್ತದೆ ಎಂಬ ಮಾತೇ ಒಂದು ಅನುಕೂಲದ ಸುಳ್ಳು. ನುಂಗುವುದಕ್ಕೆ ಬಾಯಿ ಬೇಕು, ಹಸಿವು ಬೇಕು. ಹಾವು ಕಪ್ಪೆಯನ್ನು ನುಂಗಿದರೆ ಯಾರ ಮೇಲೂ ಕೇಸು ಹಾಕಲಾಗುವುದಿಲ್ಲ, ಅದು ಪ್ರಕೃತಿ. ಊರುಗಳ ವಿಷಯದಲ್ಲಿ ಮಾತ್ರ ಪ್ರತಿ ಹೆಜ್ಜೆಗೂ ಒಂದು ಕಾಗದ ಇರುತ್ತದೆ, ಆ ಕಾಗದಕ್ಕೆ ಸಹಿ ಇರುತ್ತದೆ. ಎಷ್ಟೋ ಸಹಿಗಳು ಊರಿನವರದ್ದೇ ಆಗಿರುತ್ತವೆ.

ಕ್ರಾಯ್ಡನ್ ಎಂದರೆ ಇದನ್ನು ಓದುತ್ತಿರುವ ಹಲವರಿಗೆ ಒಂದು ಆಫೀಸಿನ ಹೆಸರಾಗಿ ಗೊತ್ತಿರಬಹುದು. ಬ್ರಿಟನ್ನಿನ ವಲಸೆ ಇಲಾಖೆಯ ಲೂನಾರ್ ಹೌಸ್ ಇರುವುದು ಅಲ್ಲಿ. ವೀಸಾ ಮುಂದುವರಿಸಲು, ಬೆರಳಚ್ಚು ಕೊಡಲು, ಅಣ್ಣನ ಹೆಂಡತಿಯ ಪೇಪರುಗಳ ಬಗ್ಗೆ ಕೇಳಲು ನಮ್ಮವರು ಸಾಲುಗಟ್ಟಿ ನಿಂತ ಇಪ್ಪತ್ತು ಅಂತಸ್ತಿನ ಕಟ್ಟಡ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಹೊಸದರಲ್ಲಿ, 1970ರಲ್ಲಿ ಅದು ಮುಗಿದದ್ದರಿಂದ ಆ ಹೆಸರು. ಪಕ್ಕದ ಕಟ್ಟಡ ಅಪೊಲೊ ಹೌಸ್. ಚಂದ್ರನ ಹೆಸರಿನ ಕಟ್ಟಡದಲ್ಲಿ 'ಏಲಿಯನ್'ಗಳ ಕಡತ ಇಟ್ಟದ್ದು ಯಾರ ತಮಾಷೆಯೋ ತಿಳಿಯದು.

ನಾನು ಹೋಗಿದ್ದು ಪ್ರಾಜೆಕ್ಟಿನ ಮೇಲೆ. ಬಾಡಿಗೆಗೆ ಸಿಕ್ಕ ಫ್ಲಾಟು ಮೊದಲು ಆಫೀಸಾಗಿತ್ತು. ಮಲಗುವ ಕೋಣೆಯ ಮೂಲೆಯಲ್ಲಿ ಯಾರದೋ ಮೇಜಿನ ನೆಟ್‌ವರ್ಕ್ ಕೇಬಲ್ ಹೊರಬರುವ ತೂತು ಹಾಗೇ ಉಳಿದಿತ್ತು, ಕಿಟಕಿ ಪೂರ್ತಿ ತೆರೆಯುತ್ತಿರಲಿಲ್ಲ. ಬ್ಯಾಂಕಿಗೆ ವಿಳಾಸ ಕೊಡುವಾಗ 'ಲಂಡನ್' ಎಂದು ಬರೆದೆ. ಕೆಳಗಿನ ಅಂಗಡಿಯ ಮುದುಕ ಅದನ್ನು ನೋಡಿ, "ಕ್ರಾಯ್ಡನ್, ಸರ್ರೆ" ಎಂದು ತಿದ್ದಿದ. ಕ್ರಾಯ್ಡನ್ ಸರ್ರೆ ಕೌಂಟಿಯ ಆಡಳಿತದಿಂದ ಹೊರಬಿದ್ದು ಎಷ್ಟೋ ದಶಕಗಳಾಗಿದ್ದವು. ಆದರೂ ಆತ ಬರೆದದ್ದಕ್ಕೆ ಆಧಾರವಿತ್ತು: 1965ರಲ್ಲಿ ಆಡಳಿತದ ಗಡಿ ಬದಲಾದರೂ ಅಂಚೆಯವರು ಸರ್ರೆ ಎಂಬ ವಿಳಾಸವನ್ನು ಬದಲಿಸಲಿಲ್ಲ. ಜನ ಇವತ್ತಿಗೂ ಹಾಗೇ ಬರೆಯುತ್ತಾರೆ. ಆ ಮುದುಕನ ಮುಖ ನೋಡಿಯೇ ನಾನು 'ನುಂಗಿದ ಊರು' ಎಂಬ ಕಥೆಯನ್ನು ಕಟ್ಟಿಕೊಂಡದ್ದು. ಆಮೇಲೆ ಶನಿವಾರಗಳಂದು ಲೈಬ್ರರಿಗೆ ಹೋಗಿ ಊರಿನ ಚರಿತ್ರೆ ಓದುತ್ತ ಹೋದ ಹಾಗೆ ಕಥೆ ಸಡಿಲವಾಯಿತು.

ಹೆಸರಿನಿಂದ ಶುರು ಮಾಡುತ್ತೇನೆ. ಕ್ರಾಯ್ಡನ್ ಎಂದರೆ ಕೇಸರಿ ಹೂವಿನ ಕಣಿವೆ ಎಂಬುದು ಹೆಚ್ಚಿನವರು ಒಪ್ಪುವ ಅರ್ಥ. ಲಂಡನ್ನಿನ ನಡುವಿನಿಂದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರು. 1086ರ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಅದಕ್ಕೊಂದು ಚರ್ಚು, ಒಂದು ಗಿರಣಿ. ಒಡೆತನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರದು. 1276ರಲ್ಲಿ ವಾರದ ಸಂತೆಗೆ ಪರವಾನಗಿ ಸಿಕ್ಕಿತು. ಸುತ್ತಲಿನ ಕಾಡಿನಲ್ಲಿ ಇದ್ದಿಲು ಸುಟ್ಟು ಲಂಡನ್ನಿಗೆ ಮಾರುತ್ತಿದ್ದ ಕ್ರಾಯ್ಡನ್ನಿನ ಇದ್ದಿಲಿನವರು ನಾಟಕಗಳಲ್ಲಿ ಬರುವಷ್ಟು ಹೆಸರುವಾಸಿ. ಅಂದರೆ ಲಂಡನ್ನಿನ ಒಲೆ ಉರಿಸಿ ಬದುಕುವುದು ಈ ಊರಿಗೆ ಮೊದಲಿನಿಂದಲೂ ಕಸುಬು.

ಈ ಊರಿನ ಮೊದಲ ದೊಡ್ಡ ಕಬಳಿಕೆಯನ್ನು ಮಾಡಿದ್ದು ಲಂಡನ್ ಅಲ್ಲ. 1797ರಲ್ಲಿ ಒಂದು ಕಾಯಿದೆ ಬಂತು, ಕ್ರಾಯ್ಡನ್ನಿನ ಸಾರ್ವಜನಿಕ ಗೋಮಾಳಗಳಿಗೆ ಬೇಲಿ ಹಾಕುವ ಕಾಯಿದೆ. 1801ರಲ್ಲಿ ಹಂಚಿಕೆ ಮುಗಿಯಿತು. ಸುಮಾರು ಮೂರು ಸಾವಿರ ಎಕರೆ. ದನ ಮೇಯಿಸುವ, ಸೌದೆ ತರುವ ಹಕ್ಕಿದ್ದ ಬಡವರಿಗೆ ಉಳಿದದ್ದು ಡೂಪಾಸ್ ಹಿಲ್‌ನಂಥ ಚೂರುಪಾರು. ಮಿಕ್ಕದ್ದು ಮೊದಲೇ ಜಮೀನಿದ್ದವರ ಪಾಲಿಗೆ ಹೋಯಿತು. ಲಂಡನ್ನಿನ ಮನೆಗಳ ಸಾಲು ಆಗ ಇನ್ನೂ ಮೈಲುಗಟ್ಟಲೆ ಆಚೆ ಇತ್ತು. ಮುಂದೆ ಅರವತ್ತು ಎಪ್ಪತ್ತು ವರ್ಷಗಳಲ್ಲಿ ವಿಕ್ಟೋರಿಯಾ ಕಾಲದ ಮನೆಗಳು ಎದ್ದದ್ದು ಹೀಗೆ ಬೇಲಿ ಬಿದ್ದು, ತುಂಡಾಗಿ, ಮಾರಲು ತಯಾರಾಗಿದ್ದ ನೆಲದ ಮೇಲೆ. ಗೋಮಾಳ ಗೋಮಾಳವಾಗಿಯೇ ಉಳಿದಿದ್ದರೆ ಬಿಲ್ಡರ್ ಬಂದು ಯಾರ ಹತ್ತಿರ ಕೊಳ್ಳುತ್ತಿದ್ದ?

ಆರ್ಚ್‌ಬಿಷಪ್ಪರದೂ ಹಾಗೆಯೇ. ನೂರಾರು ವರ್ಷ ಅವರ ಬೇಸಿಗೆಯ ಅರಮನೆ ಇದ್ದದ್ದು ಈ ಊರಿನಲ್ಲಿ, ಎಲಿಜಬೆತ್ ರಾಣಿ ಬಂದುಹೋದ ಅರಮನೆ. ತಗ್ಗಿನ ಜಾಗ, ಶೀತ, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು 1780ರ ಹೊತ್ತಿಗೆ ಮಾರಾಟಕ್ಕೆ ಅನುಮತಿ ಪಡೆದರು. ಕೊಂಡವರು ಅಲ್ಲಿ ಬಟ್ಟೆ ಬಿಳಿಚುವ, ಒಗೆಯುವ ಕೆಲಸ ನಡೆಸಿದರು. ಊರಿನ ಅತಿ ಹಳೆಯ ಯಜಮಾನರೇ ಊರಿನ ಅತಿ ಹಳೆಯ ಕಟ್ಟಡವನ್ನು ಧೋಬಿಘಾಟ್ ಮಾಡಲು ಬಿಟ್ಟುಕೊಟ್ಟು, ಕೆಲವು ವರ್ಷಗಳ ಮೇಲೆ ಅದೇ ಸುತ್ತಿನ ಅಡಿಂಗ್ಟನ್ ಗುಡ್ಡದಲ್ಲಿ ಗಾಳಿ ಬೆಳಕಿರುವ ಇನ್ನೊಂದು ಮಹಲು ಕೊಂಡರು. ಇದರಲ್ಲಿ ಲಂಡನ್ನಿನ ಬಾಯಿ ಎಲ್ಲಿದೆ?

ಇನ್ನು ರೈಲು. ಲಂಡನ್ನಿನಿಂದ ರೈಲು ಬಂದು ಹಳ್ಳಿಯನ್ನು ಎಳೆದುಕೊಂಡು ಹೋಯಿತು ಎಂದು ನಾನು ನಂಬಿದ್ದೆ. ಆದದ್ದು ಅರ್ಧ ಉಲ್ಟಾ. 1803ರಲ್ಲೇ ಕ್ರಾಯ್ಡನ್ನಿನಿಂದ ಥೇಮ್ಸ್ ದಡದ ವಾಂಡ್ಸ್‌ವರ್ತ್‌ವರೆಗೆ ಕಬ್ಬಿಣದ ಹಳಿ ಹಾಕಿದ್ದರು. ಸರ್ರೆ ಐರನ್ ರೈಲ್ವೆ. ಎಂಜಿನ್ ಇಲ್ಲ, ಕುದುರೆ ಎಳೆಯುವ ಬಂಡಿ. ಸುಂಕ ಕಟ್ಟಿದರೆ ಯಾರು ಬೇಕಾದರೂ ತಮ್ಮ ಬಂಡಿ ಓಡಿಸಬಹುದಿತ್ತು. ವಾಂಡಲ್ ನದಿಯ ದಂಡೆಯ ಗಿರಣಿಗಳ ಸರಕು ಅದರಲ್ಲಿ ಹೋಗುತ್ತಿತ್ತು. 1809ರಲ್ಲಿ ಕಾಲುವೆ ತೋಡಿಸಿದರು. ಲಾಭ ಬರಲಿಲ್ಲ, 1836ರಲ್ಲಿ ಮುಚ್ಚಿತು. ಅದರ ಜಾಡನ್ನು ರೈಲು ಕಂಪನಿ ಕೊಂಡು 1839ರಲ್ಲಿ ಉಗಿಬಂಡಿ ಓಡಿಸಿತು. ಇವತ್ತಿನ ವೆಸ್ಟ್ ಕ್ರಾಯ್ಡನ್ ಸ್ಟೇಷನ್ ನಿಂತಿರುವುದು ದೋಣಿಗಳು ಬಂದು ನಿಲ್ಲುತ್ತಿದ್ದ ಕಾಲುವೆಯ ಕೊನೆಯಲ್ಲಿ. ನಾನು ದಿನಾ ರೈಲಿಗೆ ಕಾಯುತ್ತಿದ್ದ ಪ್ಲಾಟ್‌ಫಾರ್ಮು ಒಂದು ಕಾಲಕ್ಕೆ ನೀರಾಗಿತ್ತು ಎಂದು ತಿಳಿದ ದಿನ ಸುಮ್ಮನೆ ಎರಡು ರೈಲು ಬಿಟ್ಟು ಅಲ್ಲೇ ನಿಂತಿದ್ದೆ. ಇರಲಿ. ಲಂಡನ್ ಕೈಚಾಚುವ ಮೊದಲೇ ಊರು ತಾನಾಗಿ ಮೂರು ಸಲ ಲಂಡನ್ನಿನ ಕಡೆ ಕೈಚಾಚಿತ್ತು.

1801ರಲ್ಲಿ ಆರು ಸಾವಿರ ಮುಟ್ಟದ ಜನ, 1901ರ ಹೊತ್ತಿಗೆ ಒಂದು ಲಕ್ಷದ ಮೂವತ್ತು ಸಾವಿರ ದಾಟಿದ್ದರು. ಒಳಚರಂಡಿ, ನೀರು ಎಂದು 1849ರಲ್ಲೇ ಆರೋಗ್ಯ ಮಂಡಳಿ ಮಾಡಿಕೊಂಡ ಊರು ಇದು, ಇಂಗ್ಲೆಂಡಿನಲ್ಲಿ ಮೊದಮೊದಲ ಮಂಡಳಿಗಳಲ್ಲಿ ಒಂದು. 1883ರಲ್ಲಿ ಪುರಸಭೆ, 1889ರಲ್ಲಿ ಕೌಂಟಿ ಬರೋ, ಅಂದರೆ ಕೌಂಟಿಯ ಹಂಗಿಲ್ಲದೆ ಶಾಲೆ, ರಸ್ತೆ, ನೀರು ಎಲ್ಲವನ್ನೂ ತಾನೇ ನೋಡಿಕೊಳ್ಳುವ ಅಧಿಕಾರ. 1896ರಲ್ಲಿ ಗಡಿಯಾರದ ಗೋಪುರದ ಟೌನ್‌ಹಾಲು. ಡಿ.ಎಚ್. ಲಾರೆನ್ಸ್ 1908ರಲ್ಲಿ ಇಲ್ಲಿನ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಬಂದಾಗ ಇದು ಲಂಡನ್ನಿನ ಬಾಲವಾಗಿರಲಿಲ್ಲ, ಪೂರ್ತಿ ಒಂದು ಊರು. ಆ ಸ್ವಯಂ ಅಧಿಕಾರವೇನೂ ದೇವರ ಕೈಯಲ್ಲ ಎಂಬುದನ್ನೂ ಹೇಳಬೇಕು. 1937ರಲ್ಲಿ ಊರಿನದೇ ಒಂದು ಬಾವಿ ಕೆಟ್ಟು ಟೈಫಾಯ್ಡ್ ಹರಡಿ 43 ಜನ ಸತ್ತರು. ನಮ್ಮೂರು ನಮ್ಮ ಕೈಯಲ್ಲಿದ್ದರೆ ಸಾಕು ಎನ್ನುವವರಿಗೆ ಈ ಸಂಖ್ಯೆ ನೆನಪಿರಲಿ.

ವಿಮಾನ ನಿಲ್ದಾಣದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಹೀಥ್ರೂ ಹುಟ್ಟುವ ಮೊದಲು ಲಂಡನ್ನಿನ ವಿಮಾನ ನಿಲ್ದಾಣ ಎಂದರೆ ಕ್ರಾಯ್ಡನ್. 1920ರಲ್ಲಿ ಶುರು, 1928ರಲ್ಲಿ ಹೊಸ ಟರ್ಮಿನಲ್. ಆಮಿ ಜಾನ್ಸನ್ 1930ರ ಮೇ 5ರಂದು ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹಾರಿದ್ದು ಇಲ್ಲಿಂದ. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸಿನ ಮೊದಲ ಇಂಡಿಯಾ ಟಪಾಲು ಕರಾಚಿಗೆ ಹೊರಟದ್ದೂ ಇಲ್ಲಿಂದಲೇ. ನಡುವೆ ಒಂದಷ್ಟು ದೂರ ರೈಲಿನಲ್ಲಿ ಕೂರಬೇಕಿತ್ತು, ಒಟ್ಟು ಒಂದು ವಾರದ ಪ್ರಯಾಣ. 1932ರ ಅಕ್ಟೋಬರಿನಿಂದ ಕರಾಚಿಯಲ್ಲಿ ಆ ಟಪಾಲನ್ನು ಇಳಿಸಿಕೊಂಡು ಟಾಟಾ ಅವರ ಪುಟ್ಟ ವಿಮಾನ ಅಹಮದಾಬಾದು, ಮುಂಬಯಿ, ನಮ್ಮ ಬಳ್ಳಾರಿ ದಾಟಿ ಮದ್ರಾಸಿಗೆ ಒಯ್ಯುತ್ತಿತ್ತು. ಕ್ರಾಯ್ಡನ್ನಿನ ಹುಲ್ಲಿನ ಮೇಲಿಂದ ಎದ್ದ ಕಾಗದ ಬಳ್ಳಾರಿಯ ಬಿಸಿಲಿನಲ್ಲಿ ಇಳಿಯುತ್ತಿದ್ದ ಕಾಲ ಅದು.

ಅಂಥ ನಿಲ್ದಾಣ 1959ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ದೊಡ್ಡ ವಿಮಾನಗಳಿಗೆ ಉದ್ದದ ರನ್‌ವೇ ಬೇಕಿತ್ತು, ಹಿಗ್ಗಲು ಜಾಗವಿರಲಿಲ್ಲ. ಜಾಗ ಏಕಿರಲಿಲ್ಲ? ಎರಡು ಯುದ್ಧಗಳ ನಡುವೆ ಕ್ರಾಯ್ಡನ್ನೂ ಅದರ ನೆರೆಯ ಪುರಸಭೆಗಳೂ ನಿಲ್ದಾಣದ ಸುತ್ತ ಮನೆ ಕಟ್ಟಲು ಬಿಟ್ಟಿದ್ದವು. ಹೊಸ ಮನೆ, ಹಿತ್ತಲು, ಗ್ಯಾರೇಜು, ಅರ್ಧ ಗಂಟೆಗೆ ಲಂಡನ್ ಎಂಬ ಜಾಹೀರಾತು. ಊರಿಗೆ ಜಗತ್ತಿನ ಭೂಪಟದಲ್ಲಿ ಸ್ವಂತದ ಜಾಗ ತಂದುಕೊಟ್ಟ ಒಂದೇ ಒಂದು ಸಂಗತಿಯನ್ನು ಊರಿನ ಸೈಟುಗಳೇ ಉಸಿರುಗಟ್ಟಿಸಿದವು. ಈಗ ಅಲ್ಲಿ ರೌಂಡ್‌ಶಾ ಎಂಬ ಬಡಾವಣೆ, ರಸ್ತೆಗಳಿಗೆ ವೈಮಾನಿಕರ ಹೆಸರು. ಕೆರೆ ಮುಚ್ಚಿ ಕಟ್ಟಿದ ಬಡಾವಣೆಗೆ ಕೆರೆಯ ಹೆಸರಿಡುವ ನಮ್ಮ ಪದ್ಧತಿ ನಮ್ಮದೊಂದೇ ಅಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಈಗ 1956ಕ್ಕೆ ಬರುತ್ತೇನೆ, ನನ್ನ ವಾದದ ಗಂಟು ಇರುವುದು ಅಲ್ಲೇ. ಆ ವರ್ಷ ಪಾರ್ಲಿಮೆಂಟು ಕ್ರಾಯ್ಡನ್ ಕಾರ್ಪೊರೇಷನ್ ಆಕ್ಟ್ ಎಂಬ ಕಾಯಿದೆ ಮಾಡಿತು. ಲಂಡನ್ನಿನವರು ಹೇರಿದ್ದಲ್ಲ. ಊರಿನ ಕೌನ್ಸಿಲ್ ತಾನಾಗಿ ಕೇಳಿ, ಓಡಾಡಿ, ಪಡೆದುಕೊಂಡದ್ದು. ಊರಿನ ನಡುವಿನ ಜಾಗಗಳನ್ನು ಬೇಕಾದರೆ ಬಲವಂತವಾಗಿ ವಶಪಡಿಸಿಕೊಂಡು ರಸ್ತೆ ಅಗಲ ಮಾಡಿ ಹೊಸದಾಗಿ ಕಟ್ಟಿಸುವ ಅಧಿಕಾರ. ಮುಂದೆ ನಿಂತವರು ಸರ್ ಜೇಮ್ಸ್ ಮಾರ್ಶಲ್ ಎಂಬ ಸ್ಥಳೀಯ ಮುಖಂಡರು. ಲಂಡನ್ನಿನ ನಡುವಿನಲ್ಲಿ ಆಫೀಸುಗಳು ಕಿಕ್ಕಿರಿದಿವೆ, ಹೊರಗೆ ಹೋಗಲಿ ಎಂದು ಸರ್ಕಾರ ಬಯಸುತ್ತಿದ್ದ ಕಾಲ. ಹೊರಗೆ ಎಂದರೆ ಎಲ್ಲಿ? ಇಲ್ಲಿ ಬನ್ನಿ ಎಂದು ಕ್ರಾಯ್ಡನ್ ಕೈ ಎತ್ತಿತು. ಹತ್ತು ಹದಿನೈದು ವರ್ಷಗಳಲ್ಲಿ ಹತ್ತಾರು ಆಫೀಸು ಗೋಪುರಗಳು. ವೆಲ್ಲೆಸ್ಲಿ ರಸ್ತೆ ಊರನ್ನು ನಡುವೆ ಸೀಳುವ ಹೆದ್ದಾರಿಯಾಯಿತು, ಮೇಲೊಂದು ಫ್ಲೈಓವರು, ಕೆಳಗೊಂದು ಅಂಡರ್‌ಪಾಸು. ಶಾಲೆಯೊಂದು ಊರಿನ ಮಧ್ಯದ ತನ್ನ ಜಾಗ ಬಿಟ್ಟು ಹೊರಗೆ ಹೋಯಿತು, ಅಲ್ಲಿ ವಿಟ್‌ಗಿಫ್ಟ್ ಸೆಂಟರ್ ಎಂಬ ಶಾಪಿಂಗ್ ಕೇಂದ್ರ ಎದ್ದಿತು. ಈಸ್ಟ್ ಕ್ರಾಯ್ಡನ್ ಸ್ಟೇಷನ್ನಿನ ಎದುರಿನ 24 ಅಂತಸ್ತಿನ ಗೋಪುರಕ್ಕೆ ಜನ 'ಐವತ್ತು ಪೆನ್ನಿ ಕಟ್ಟಡ' ಎನ್ನುತ್ತಾರೆ, ನಾಣ್ಯಗಳನ್ನು ಒಂದರ ಮೇಲೊಂದು ಓರೆಯಾಗಿ ಪೇರಿಸಿಟ್ಟಂತಿದೆ.

ಬೇಡ ಎನ್ನುವುದೂ ಆ ಊರಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ ಅಲ್ಲೇ ಹೈಸ್ಟ್ರೀಟಿನ ಮೂಲೆಯಲ್ಲಿದೆ. ಆರ್ಚ್‌ಬಿಷಪ್ ವಿಟ್‌ಗಿಫ್ಟ್ 1590ರ ದಶಕದಲ್ಲಿ ಕಟ್ಟಿಸಿದ ಬಡವೃದ್ಧರ ಆಶ್ರಯಮನೆ. ರಸ್ತೆ ಅಗಲ ಮಾಡಲು ಅದನ್ನು ಕೆಡವಬೇಕೆಂದು ವರ್ಷಗಟ್ಟಲೆ ಹಟ ಹಿಡಿದದ್ದು ಊರಿನ ಕೌನ್ಸಿಲ್ಲೇ. ಅದನ್ನು ಉಳಿಸಿದ್ದು 1923ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್. ಈ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ನುಂಗುವವನು ಉಳಿಸಿದ, ಉಳಿಸಬೇಕಾದವನು ಕೆಡವಲು ಹೊರಟಿದ್ದ. ನನ್ನ ಕಥೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆ ಗೋಪುರಗಳಿಂದ ಊರಿಗೆ ಕೆಲಸ ಬರಲಿಲ್ಲವೇ ಎಂದು ಕೇಳಬಹುದು. ಬಂತು, ಸಾವಿರಗಟ್ಟಲೆ. ಫೇರ್‌ಫೀಲ್ಡ್ ಹಾಲ್ಸ್ ಎಂಬ ಒಳ್ಳೆಯ ಸಂಗೀತಭವನ ಬಂತು. ಆ ತಲೆಮಾರಿನ ಜನಕ್ಕೆ ಊರು ಪುಟ್ಟ ಮ್ಯಾನ್‌ಹಟನ್ನಿನ ಹಾಗೆ ಕಂಡು ಹೆಮ್ಮೆಯಾದದ್ದೂ ಸುಳ್ಳಲ್ಲ. ನಾನು ಆ ಹೆಮ್ಮೆಯನ್ನು ಅಣಕಿಸುತ್ತಿಲ್ಲ. ನನ್ನ ತಕರಾರು ಇಷ್ಟೇ: ಅದನ್ನು ಆರಿಸಿಕೊಂಡವರು ಇದ್ದರು. ಆರಿಸಿಕೊಂಡದ್ದನ್ನು ಆಮೇಲೆ ವಿಧಿ ಎಂದು ಕರೆಯುವುದು ಮೋಸ.

1965ರ ಏಪ್ರಿಲ್ 1. ಆ ದಿನ ಗ್ರೇಟರ್ ಲಂಡನ್ ಜಾರಿಗೆ ಬಂತು. ಕ್ರಾಯ್ಡನ್ ಕೌಂಟಿ ಬರೋ, ಪಕ್ಕದ ಕೂಲ್ಸ್‌ಡನ್ ಮತ್ತು ಪರ್ಲಿ ಸೇರಿ ಲಂಡನ್ ಬರೋ ಆಫ್ ಕ್ರಾಯ್ಡನ್ ಆಯಿತು. ಶಾಲೆ, ಲೈಬ್ರರಿಗಳು ಊರಿನ ಕೈಯಲ್ಲೇ ಉಳಿದವು. ಅಗ್ನಿಶಾಮಕ, ಮುಖ್ಯ ರಸ್ತೆ, ಒಟ್ಟಾರೆ ಯೋಜನೆ ಗ್ರೇಟರ್ ಲಂಡನ್ನಿನ ಹೊಸ ಕೌನ್ಸಿಲ್ಲಿಗೆ ಹೋದವು. 'ನುಂಗಿತು' ಎನ್ನುವವರು ತೋರಿಸುವ ದಿನ ಇದೇ.

ಅವರು ಎಪ್ಸಮ್ಮಿನ ಕಥೆಯನ್ನು ಮಾತ್ರ ಹೇಳುವುದಿಲ್ಲ. ಕ್ರಾಯ್ಡನ್ನಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಎಪ್ಸಮ್, ಕುದುರೆ ಪಂದ್ಯಕ್ಕೆ ಹೆಸರಾದ ಊರು. 1960ರಲ್ಲಿ ಹರ್ಬರ್ಟ್ ಆಯೋಗ ಯಾವ ಯಾವ ಊರು ಲಂಡನ್ನಿಗೆ ಸೇರಬೇಕೆಂದು ಪಟ್ಟಿ ಕೊಟ್ಟಾಗ ಅದರಲ್ಲಿ ಎಪ್ಸಮ್ಮೂ ಇತ್ತು. ಊರಿನವರು ಒಪ್ಪಲಿಲ್ಲ. ಹಟ ಹಿಡಿದರು, ಮನವಿ ಕೊಟ್ಟರು, ಕೊನೆಗೆ ಪಟ್ಟಿಯಿಂದ ಹೊರಗೆ ಬಂದರು. ಬ್ಯಾನ್‌ಸ್ಟೆಡ್, ಈಷರ್, ಕೇಟರಮ್ ಕೂಡ ಹಾಗೇ ತಪ್ಪಿಸಿಕೊಂಡವು. ಇವತ್ತು ಬಸ್ಸಿನಲ್ಲಿ ಆ ಕಡೆ ಹೋದರೆ ಲಂಡನ್ ಎಲ್ಲಿ ಮುಗಿದು ಸರ್ರೆ ಎಲ್ಲಿ ಶುರುವಾಯಿತು ಎಂದು ಬೋರ್ಡು ನೋಡದೆ ಹೇಳಲಾಗುವುದಿಲ್ಲ, ಮನೆಗಳ ಸಾಲು ಒಂದೇ. ನುಂಗುವುದು ಪ್ರಕೃತಿಯಾಗಿದ್ದರೆ ಹಾವು ಈ ಕಪ್ಪೆಗಳನ್ನು ಏಕೆ ಬಿಟ್ಟಿತು? ಅಲ್ಲಿನವರು ಹೆಚ್ಚು ಅನುಕೂಲಸ್ಥರು, ಅವರ ಮಾತಿಗೆ ಕಿವಿ ಇತ್ತು. ಅಂದರೆ ನಡೆದದ್ದು ಹೊಟ್ಟೆಯ ವ್ಯವಹಾರವಲ್ಲ, ಅಧಿಕಾರದ ವ್ಯವಹಾರ.

(ಗಡಿಗಳು ಎಷ್ಟು ತಮಾಷೆಯವು ಎಂದರೆ, ಸರ್ರೆ ಕೌಂಟಿಯ ಮುಖ್ಯ ಕಚೇರಿ ಇದ್ದ ಕಿಂಗ್‌ಸ್ಟನ್ ಕೂಡ 1965ರಲ್ಲಿ ಲಂಡನ್ನಿಗೆ ಸೇರಿತು. ಅದಾದ ಮೇಲೂ ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸರ್ರೆಯ ಆಡಳಿತ ಸರ್ರೆಯಲ್ಲಿಲ್ಲದ ಕಚೇರಿಯಿಂದ ನಡೆಯಿತು. ಸರ್ರೆ ಕ್ರಿಕೆಟ್ ತಂಡದ ಓವಲ್ ಮೈದಾನವೂ ಸರ್ರೆಯಲ್ಲಿಲ್ಲ. 2006ರಲ್ಲಿ ನಮ್ಮ ಕುಂಬ್ಳೆ 'ಸರ್ರೆ'ಗೆ ಆಡಿದಾಗ ತಂಡದ ತವರು ಮೈದಾನ ಅಪ್ಪಟ ಲಂಡನ್ನಿನಲ್ಲಿತ್ತು.)

ಲಂಡನ್ನಿಗೆ ಸೇರಿದ ಮೇಲೂ ಕ್ರಾಯ್ಡನ್ನಿಗೆ ಒಂದು ಕನಸು ಉಳಿಯಿತು, ತಾನು 'ಸಿಟಿ' ಅನ್ನಿಸಿಕೊಳ್ಳಬೇಕು. ಅಲ್ಲಿ ಅದು ಆಗ ರಾಣಿ ಕೊಡುತ್ತಿದ್ದ ಬಿರುದು. 2000, 2002, 2012, ಮತ್ತೆ ಮತ್ತೆ ಅರ್ಜಿ ಹಾಕಿದರು, ಸಿಗಲಿಲ್ಲ. ಲಂಡನ್ನಿನಿಂದ ಬೇರೆಯಾಗಿ ನಿಮಗೊಂದು ಗುರುತಿಲ್ಲ ಎಂಬ ಮಾತು ಅವರ ಬೆನ್ನು ಬಿಡಲೇ ಇಲ್ಲ. ಆ ಗುರುತನ್ನು ಅಳಿಸಿದ ಬುಲ್ಡೋಜರಿಗೆ ಡೀಸೆಲ್ ಹಾಕಿದವರ ಮೊಮ್ಮಕ್ಕಳು ಅರ್ಜಿ ಹಿಡಿದು ನಿಂತಿದ್ದರು ಎಂದರೆ ಕ್ರೂರವಾಗುತ್ತದೇನೋ. ಆದರೂ ಹೇಳುತ್ತೇನೆ.

ತೀರಾ ಇತ್ತೀಚಿನದು 2020ರ ನವೆಂಬರ್. ಕ್ರಾಯ್ಡನ್ ಕೌನ್ಸಿಲ್ ತನ್ನ ಬಳಿ ಖರ್ಚಿಗೆ ಹಣವಿಲ್ಲವೆಂದು ಸೆಕ್ಷನ್ 114 ನೋಟಿಸು ಹೊರಡಿಸಿತು, ಪುರಸಭೆಯ ಮಟ್ಟಿಗೆ ಅದು ದಿವಾಳಿಯಿದ್ದಂತೆ. ಸಾಲ ಸುಮಾರು 150 ಕೋಟಿ ಪೌಂಡು. ಮನೆ ಕಟ್ಟಲು ತಾನೇ ಒಂದು ಕಂಪನಿ ತೆರೆದು ಅದಕ್ಕೆ ಸಾಲ ಕೊಟ್ಟಿತ್ತು, ಬಾಡಿಗೆ ಬರುತ್ತದೆಂದು ಹೋಟೆಲು ಕೊಂಡಿತ್ತು. ಫೇರ್‌ಫೀಲ್ಡ್ ಹಾಲ್ಸ್ ದುರಸ್ತಿ ಅಂದುಕೊಂಡದ್ದರ ಎರಡು ಪಟ್ಟು ಮೀರಿತ್ತು. 2023ರಲ್ಲಿ ಜನರ ಮೇಲಿನ ಕೌನ್ಸಿಲ್ ತೆರಿಗೆ ಒಂದೇ ಏಟಿಗೆ ಸುಮಾರು 15 ಶೇಕಡಾ ಏರಿತು. 2011ರ ಆಗಸ್ಟ್ ಗಲಭೆಯಲ್ಲಿ ಬೆಂಕಿಗೆ ಬಿದ್ದ, 1867ರಿಂದ ನಡೆದುಬಂದಿದ್ದ ರೀವ್ಸ್ ಪೀಠೋಪಕರಣ ಅಂಗಡಿಯ ಖಾಲಿ ಮೂಲೆ, 2012ರಲ್ಲಿ ಬಾಗಿಲು ಹಾಕಿದ ಆಲ್ಡರ್ಸ್, ವರ್ಷಾನುಗಟ್ಟಲೆ ಬರುತ್ತೇವೆ ಎನ್ನುತ್ತಲೇ ಇದ್ದ ದೊಡ್ಡ ಮಾಲ್ ಯೋಜನೆ. ಇದರಲ್ಲಿ ಎಷ್ಟು ಪಾಲನ್ನು 'ಲಂಡನ್' ಎಂಬ ಖಾತೆಗೆ ಬರೆಯುತ್ತೀರಿ?

ಹಾಗಾದರೆ ಲಂಡನ್ ನಿರಪರಾಧಿಯೇ ಎಂದು ಕೇಳಿದರೆ, ಖಂಡಿತ ಅಲ್ಲ. 2013ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು: ಹಳೆಯ ಆಫೀಸುಗಳನ್ನು ಮನೆ ಮಾಡಲು ಸ್ಥಳೀಯ ಕೌನ್ಸಿಲ್ಲಿನ ಪೂರ್ಣ ಯೋಜನಾ ಅನುಮತಿ ಬೇಕಿಲ್ಲ. ಕ್ರಾಯ್ಡನ್ನಿನಲ್ಲಿ ಖಾಲಿ ಬಿದ್ದಿದ್ದ ಗೋಪುರಗಳು ಒಂದಾದ ಮೇಲೊಂದು ಬೆಂಕಿಪೊಟ್ಟಣದಂಥ ಫ್ಲಾಟುಗಳಾದವು. ನಾನಿದ್ದದ್ದು ಅಂಥದ್ದರಲ್ಲೇ. ಅದು ಊರಿನ ಕೈಯಿಂದ ನಿಜವಾಗಿ ಕಿತ್ತುಕೊಂಡ ಅಧಿಕಾರ, ಅದಕ್ಕೆ ದಿನಾಂಕವಿದೆ, ಮಾಡಿದ ಸರ್ಕಾರವಿದೆ. ನನ್ನ ಸಿಟ್ಟೆಲ್ಲ ಇದಕ್ಕೇ. 'ಲಂಡನ್ ನುಂಗಿತು' ಎಂದು ಒಟ್ಟಾಗಿ ಗೊಣಗುವವನಿಗೆ ಇದು ಕಾಣುವುದೇ ಇಲ್ಲ. 1797, 1956, 1965, 2013, ನಾಲ್ಕೂ ಅವನಿಗೆ ಒಂದೇ ಹಾವಿನ ಒಂದೇ ಗುಟುಕು. ಬೈಯಬೇಕಾದವರನ್ನು ಬಿಟ್ಟು ಹಾವಿನ ಜಾತಿಯನ್ನೇ ಬೈದು ಮನೆಗೆ ಹೋಗುತ್ತಾನೆ.

ಇನ್ನೊಂದು ಪಂಗಡವೂ ಇದೆ, ನಮ್ಮ ಗೆಳೆಯರ ಬಳಗದಲ್ಲಿ ಹೆಚ್ಚು ಸಂಬಳದವರು. ಅವರ ಕ್ರಿಯಾಪದ 'ಬೆಳೆಯಿತು'. ನಗರ ಬೆಳೆಯಿತು ಸ್ವಾಮಿ, ಆಲದ ಮರದ ಹಾಗೆ. ಇವರಿಗೂ ಅವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಒಬ್ಬರಿಗೆ ಹಾವು, ಒಬ್ಬರಿಗೆ ಆಲ. ಎರಡರಲ್ಲೂ ಮನುಷ್ಯರಿಲ್ಲ.

ಕೆಂಗೇರಿಯ ಮಾತಾಡದೆ ಇದನ್ನು ಮುಗಿಸಿದರೆ ಅಪ್ರಾಮಾಣಿಕನಾಗುತ್ತೇನೆ. 2007ರಲ್ಲಿ ಏಳು ನಗರಸಭೆ, 110 ಹಳ್ಳಿಗಳ ಜೊತೆ ಕೆಂಗೇರಿ ಪುರಸಭೆಯೂ ಬೆಂಗಳೂರಿಗೆ ಸೇರಿತು. ನಾನು ಮೂವತ್ತು ಜನರ ಮುಂದೆ ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ತಾತನ ರಾಗಿಹೊಲ ಆ ಹೊತ್ತಿಗೆ ನಮ್ಮದಾಗಿರಲಿಲ್ಲ. ತಾತ ಅದನ್ನು ಮೊದಲೇ ಮಾರಿದ್ದರು. ಯಾರೂ ಕಿತ್ತುಕೊಂಡಿರಲಿಲ್ಲ. ಒಳ್ಳೆಯ ಬೆಲೆ ಬಂದಿತ್ತು, ಅಪ್ಪ ಚೌಕಾಸಿ ಮಾಡಿ ಇನ್ನಷ್ಟು ಏರಿಸಿದ್ದರು. ಆ ದುಡ್ಡಿನಲ್ಲಿ ಅತ್ತೆಯ ಮದುವೆಯಾಯಿತು, ನನ್ನ ಎಂಜಿನಿಯರಿಂಗ್ ಸೀಟಾಯಿತು. ಆ ಸೀಟು ನನ್ನನ್ನು ಪುಣೆಗೆ ತಂದಿತು, ಪುಣೆ ಕ್ರಾಯ್ಡನ್ನಿಗೆ ಕಳಿಸಿತು. ತಾತ ಕೊನೆಯವರೆಗೂ ಜಗುಲಿಯ ಮೇಲೆ ಕೂತು ಬೆಂಗಳೂರನ್ನು ಬೈಯುತ್ತಿದ್ದರು. ಅವರಿಗೆ ಅದು ಬೇಕಿತ್ತು, ಇಲ್ಲವಾದರೆ ಅಪ್ಪನನ್ನು ಬೈಯಬೇಕಾಗುತ್ತಿತ್ತು.

ಗೆಳೆಯನ ಮನೆಯಲ್ಲಿ ಅವತ್ತು ನಾನು ಇಷ್ಟನ್ನೂ ಹೇಳಲಿಲ್ಲ, ಅರ್ಧ ಹೇಳುವಷ್ಟರಲ್ಲಿ ಪಾಯಸ ಬಂತು. ವಾಪಸು ಬಂದದ್ದು ಸೂಸ್‌ಗೆ. ಪುಣೆಯ ಪಶ್ಚಿಮಕ್ಕಿರುವ ಈ ಹಳ್ಳಿ 2021ರ ಜೂನಿನಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ಒಂದು. ನಾನು ಫ್ಲಾಟು ಕೊಂಡಿದ್ದು ಅದಕ್ಕೂ ಮೊದಲು, ಪಂಚಾಯಿತಿ ಇದ್ದಾಗ. ಯಾರು ಸರಪಂಚ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ, ಪಾಲಿಕೆಗೆ ಯಾವಾಗ ಸೇರುತ್ತದೆ, ಬೆಲೆ ಎಷ್ಟು ಏರುತ್ತದೆ ಎಂದು ಮಾತ್ರ ತಿಂಗಳಿಗೊಮ್ಮೆ ಬಿಲ್ಡರನ ಆಫೀಸಿನಲ್ಲಿ ಕೇಳುತ್ತಿದ್ದೆ. ಅವತ್ತು ರಾತ್ರಿ ಕಪಾಟಿನಿಂದ ಕಡತ ತೆಗೆದು ಸಾತ್‌ಬಾರಾ ಉತಾರ, ಅಂದರೆ ನಮ್ಮ ಪಹಣಿಯಂಥದ್ದು, ಮೊದಲ ಸಲ ಓದಿದೆ. ನನ್ನ ಮರಾಠಿ ಇನ್ನೂ ತಡವರಿಸುತ್ತದೆ. ಕಟ್ಟಡದ ಕೆಳಗಿನ ನೆಲಕ್ಕೆ ಮೊದಲು ಐದು ಜನರ ಹೆಸರಿತ್ತು, ಅಡ್ಡಹೆಸರು ಐದಕ್ಕೂ ಒಂದೇ. ಬೆಳೆ ಎಂಬ ಕಲಮಿನಲ್ಲಿ ಜೋಳ, ಒಂದೆರಡು ವರ್ಷ ಭತ್ತ, ಆಮೇಲಿನ ವರ್ಷಗಳಲ್ಲಿ ಏನೂ ಇಲ್ಲ. ಜೊತೆಗಿದ್ದ ಕ್ರಯಪತ್ರದ ಪ್ರತಿಯಲ್ಲಿ ನಾಲ್ಕು ಸಹಿ, ಒಂದು ಹೆಬ್ಬೆಟ್ಟು.